ಮಳಿಗೆಗಳ ಮಾಳಿಗೆ

ಕನ್ನಡದಲ್ಲಿ ‘ಮಾಲು’ ಎಂಬ ಮಾತು ಹಳೆಯದು. ಅರಬರ ಬಾಯಿಂದ ಹೊರಟು, ಪಾರಸಿಯ ದಫ್ತರಗಳನ್ನು ಹಾದು, ನಮ್ಮ ಪೇಟೆಗಳಿಗೆ ಇಳಿದು, ಇಲ್ಲಿಯ ನೀರು ಕುಡಿದು ನೆಲೆನಿಂತ ಮಾತು ಅದು. ‘ಒಳ್ಳೆಯ ಮಾಲು’, ‘ಕಳ್ಳಮಾಲು’ ಎಂದು ಚಿಕ್ಕಪೇಟೆಯ ವರ್ತಕನೊಬ್ಬ ಅಂದರೆ ಯಾರಿಗೂ ನಿಘಂಟು ಬೇಕಾಗುವುದಿಲ್ಲ. ಆದುದರಿಂದ ಇಂಗ್ಲಿಷಿನ ‘ಮಾಲ್’ ಬೆಂಗಳೂರಿಗೆ ಬಂದಾಗ, ಮಾಲು ಮಾರುವ ಜಾಗವಾದ ಕಾರಣ ಅದಕ್ಕೆ ಆ ಹೆಸರು ಬಂತೆಂದು ತಿಳಿದವರು ಬಹಳ ಮಂದಿ. ನನ್ನ ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿಯೇ ಹಾಗೆ ಬರೆದಿದ್ದ. ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ. ಜನ ಕಟ್ಟಿಕೊಳ್ಳುವ ವ್ಯುತ್ಪತ್ತಿ ಶಾಸ್ತ್ರಕ್ಕೆ ಸಲ್ಲದಿದ್ದರೂ ಅದರಲ್ಲಿ ಅದರದೇ ಆದ ಒಂದು ವಿವೇಕವಿರುತ್ತದೆ.

ನಿಜಕ್ಕೂ ಈ ಎರಡು ಮಾತುಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಇಟಲಿಯ ಭಾಷೆಯಲ್ಲಿ ‘ಪಾಲ್ಲ’ ಎಂದರೆ ಚೆಂಡು. ‘ಮಾಲ್ಯೊ’ ಎಂದರೆ ಕೊಡತಿ. ಕೊಡತಿಯಿಂದ ಚೆಂಡನ್ನು ಹೊಡೆದುಕೊಂಡು ಹೋಗುವ ಒಂದು ಆಟ ಅಲ್ಲಿ ಇತ್ತು. ಅದು ಫ್ರಾನ್ಸನ್ನು ದಾಟಿ 17ನೆಯ ಶತಮಾನದಲ್ಲಿ ಲಂಡನ್ನಿಗೆ ಬಂದು ‘ಪಾಲ್‌ಮಾಲ್’ ಎನಿಸಿಕೊಂಡಿತು. ಆಟಕ್ಕೆ ಉದ್ದನೆಯ, ನೇರವಾದ ಓಣಿ ಬೇಕು. ಇಕ್ಕೆಲದಲ್ಲಿ ಮರಗಳನ್ನು ನೆಟ್ಟು ಅಂಥ ಓಣಿಗಳನ್ನು ಮಾಡಿದರು. ಕಾಲಕ್ರಮದಲ್ಲಿ ಆಟ ನಿಂತುಹೋಯಿತು, ಓಣಿ ಉಳಿಯಿತು. ಸಂಜೆ ನಾಲ್ಕು ಹೆಜ್ಜೆ ತಿರುಗಾಡಿ, ಎದುರು ಬಂದವರಿಗೆ ಟೋಪಿ ಎತ್ತಿ ನಮಸ್ಕರಿಸುವ ಆ ಜಾಗಕ್ಕೆ ‘ಮಾಲ್’ ಎಂಬ ಹೆಸರು ನಿಂತಿತು. ಶಿಮ್ಲಾ, ಮಸ್ಸೂರಿಗಳಿಗೆ ಹೋದವರು ಮಾಲ್ ರಸ್ತೆಯನ್ನು ಕಂಡಿರುತ್ತಾರೆ. ಅದು ಈ ವಂಶದ್ದೇ. ಅಂದರೆ ಮಾತಿನ ಬುಡದಲ್ಲಿ ಅಂಗಡಿಯೇ ಇಲ್ಲ. ಅಲ್ಲಿರುವುದು ಮೊದಲು ಆಟ, ಆಮೇಲೆ ನಡಿಗೆ.

ಕನ್ನಡದಲ್ಲಿ ಅಂಗಡಿಗೆ ‘ಮಳಿಗೆ’ ಎಂದೂ, ಮೇಲಂತಸ್ತಿಗೆ ‘ಮಾಳಿಗೆ’ ಎಂದೂ ಎರಡು ಒಳ್ಳೆಯ ಮಾತುಗಳಿವೆ. ಇವೆರಡನ್ನೂ ಕೂಡಿಸಿ ‘ಮಳಿಗೆಗಳ ಮಾಳಿಗೆ’ ಎಂದು ಹೆಸರಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹೆಸರಿಡುವಾಗ ಕನ್ನಡ ಮೇಷ್ಟ್ರನ್ನು ಯಾರು ಕೇಳುತ್ತಾರೆ?

ಪದದ ಈ ಹಳೆಯ ಕಥೆ ನೆನಪಿಗೆ ಬಂದುದಕ್ಕೆ ಕಾರಣವುಂಟು. ಈಚೆಗೆ ಮಾಲುಗಳನ್ನು ನಡೆಸುವವರು ಜನರನ್ನು ಮತ್ತೆ ಬರಮಾಡಿಕೊಳ್ಳಲು ಪಡುತ್ತಿರುವ ಪಾಡನ್ನು ನಾವೆಲ್ಲ ನೋಡುತ್ತಿದ್ದೇವೆ. ಸೀರೆ, ಚಪ್ಪಲಿ, ಮಿಕ್ಸಿ ಎಲ್ಲವೂ ಕೈಯಲ್ಲಿರುವ ಫೋನನ್ನು ಒತ್ತಿದರೆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಇನ್ನು ಮಾಲು ಕೊಳ್ಳಲು ಮಾಲಿಗೆ ಹೋಗುವವರು ಯಾರು? ಆದ್ದರಿಂದ ಅಲ್ಲಿ ಬಟ್ಟೆಯಂಗಡಿಗಳ ಜಾಗ ಕಿರಿದಾಗಿ ಊಟದ, ಆಟದ, ಕಸರತ್ತಿನ ಜಾಗ ಹಿರಿದಾಗುತ್ತಿದೆ. ದಸರೆಗೆ ಗೊಂಬೆ ಕೂರಿಸುತ್ತಾರೆ, ವಾರದ ಕೊನೆಗೆ ಹಾಡಿಸುತ್ತಾರೆ. ಮಾತು ತನ್ನ ಹೊಸ ಅರ್ಥದಿಂದ ಹಳೆಯ ಅರ್ಥಕ್ಕೆ, ಆಟಕ್ಕೂ ನಡಿಗೆಗೂ, ಹಿಂದಿರುಗುತ್ತಿರುವಂತೆ ಕಾಣುತ್ತದೆ. ಇದನ್ನು ಹೊಸ ಯುಕ್ತಿಯೆಂದು ವ್ಯಾಪಾರದ ಪುಟಗಳಲ್ಲಿ ಬಣ್ಣಿಸುತ್ತಾರೆ. ಹೊಸದೇನೂ ಅಲ್ಲ. ಇಂದಿನ ರೂಪದ ಮಾಲನ್ನು ಕಲ್ಪಿಸಿದ ಮನುಷ್ಯ ಬಯಸಿದ್ದು ಇದನ್ನೇ. ಬಯಸಿ ಸಿಗದೆ ನೊಂದುಕೊಂಡು ಸತ್ತ. ಆತನ ಕಥೆ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲವಾದುದರಿಂದ ಕೊಂಚ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ.

ಆತನ ಹೆಸರು ವಿಕ್ಟರ್ ಗ್ರೂಯೆನ್. ಹುಟ್ಟಿದ್ದು 1903ರಲ್ಲಿ, ವಿಯೆನ್ನಾ ನಗರದಲ್ಲಿ, ಯೆಹೂದಿ ಮನೆತನದಲ್ಲಿ. ಆಗಿನ ಹೆಸರು ಗ್ರೂನ್‌ಬೌಮ್. ಕಲಿತದ್ದು ವಾಸ್ತುಶಿಲ್ಪ, ಒಲವು ನಾಟಕದ ಕಡೆಗೆ. ಹಗಲು ಕಟ್ಟಡದ ನಕ್ಷೆ ಬರೆದು, ರಾತ್ರಿ ಸಣ್ಣ ರಂಗಗಳಲ್ಲಿ ರಾಜಕೀಯ ವಿಡಂಬನೆ ಆಡುತ್ತಿದ್ದ. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯವನ್ನು ನುಂಗಿತು. ಯೆಹೂದಿಯೂ ಆಗಿ, ನಾಜಿಗಳನ್ನು ಗೇಲಿ ಮಾಡಿದವನೂ ಆದವನಿಗೆ ಅಲ್ಲಿ ಏನು ಕಾದಿತ್ತೆಂದು ಹೇಳಬೇಕಾಗಿಲ್ಲ. ನಾಜಿ ಸಮವಸ್ತ್ರ ತೊಟ್ಟ ರಂಗದ ಗೆಳೆಯನೊಬ್ಬ ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ಕರೆದೊಯ್ದು ಪಾರುಮಾಡಿದನೆಂದು ಹೇಳುತ್ತಾರೆ. ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದಾಗ ಜೇಬಿನಲ್ಲಿ ಎಂಟು ಡಾಲರು, ಬಾಯಲ್ಲಿ ಇಂಗ್ಲಿಷಿಲ್ಲ.

ಅಮೆರಿಕದಲ್ಲಿ ಆತ ಮೊದಲು ಹೆಸರು ಮಾಡಿದುದು ಅಂಗಡಿಗಳ ಮುಂಭಾಗವನ್ನು ಕಟ್ಟುವುದರಲ್ಲಿ. ಬೀದಿಯಲ್ಲಿ ಹೋಗುವವನು ನಿಂತು ನೋಡಬೇಕು. ನಿಂತವನು ಒಳಗೆ ಬರಬೇಕು. ಬಂದವನು ತಾನು ಏತಕ್ಕೆ ಬಂದೆನೆಂಬುದನ್ನು ಮರೆಯಬೇಕು. ರಂಗಭೂಮಿಯ ನಂಟು ಇಲ್ಲಿ ಉಪಯೋಗಕ್ಕೆ ಬಂದಿತೆನ್ನಬಹುದು. ಸೋಪಿಗೆಂದು ಹೋದವರು ಕೈತುಂಬ ಚೀಲ ಹಿಡಿದು ಹೊರಬರುವ ಆ ಮಂಕು ಹಿಡಿಸುವ ವಿದ್ಯೆಗೆ ಇಂದಿಗೂ ಈತನ ಹೆಸರನ್ನೇ ಇಟ್ಟಿದ್ದಾರೆ. ಆತನಿಗೆ ಅದು ಗೌರವವೋ ಅಪಮಾನವೋ ಹೇಳುವುದು ಕಷ್ಟ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮಧ್ಯಮವರ್ಗ ಊರು ಬಿಟ್ಟು ಊರ ಹೊರಗೆ ಹೋಗತೊಡಗಿತು. ಮನೆ ಒಂದು ಕಡೆ, ಶಾಲೆ ಒಂದು ಕಡೆ, ಅಂಗಡಿ ಮತ್ತೊಂದು ಕಡೆ, ಎಲ್ಲಕ್ಕೂ ಕಾರು. ಗ್ರೂಯೆನ್ ಕಾರನ್ನು ದ್ವೇಷಿಸುತ್ತಿದ್ದ ಎಂದರೆ ತಪ್ಪಾಗದು. ವಿಯೆನ್ನಾದಲ್ಲಿ ಆತ ಬೆಳೆದುದು ಕಾಲ್ನಡೆಯ ಲೋಕದಲ್ಲಿ. ಕಾಫಿಯ ಅಂಗಡಿಯಲ್ಲಿ ಒಂದು ಬಟ್ಟಲು ಕಾಫಿಯನ್ನು ಮುಂದಿಟ್ಟುಕೊಂಡು ಇಡೀ ಮಧ್ಯಾಹ್ನ ಕುಳಿತರೂ ಎಬ್ಬಿಸುವವರಿಲ್ಲ. ಅಂಥ ಊರನ್ನು ಕಳೆದುಕೊಂಡು ಬಂದವನಿಗೆ ಅಮೆರಿಕದ ಹೊರವಲಯ ಮರಳುಗಾಡಿನಂತೆ ಕಂಡಿರಬೇಕು. ಅಲ್ಲಿನ ಹೆಂಗಸರು, ಮಕ್ಕಳು, ಮುದುಕರು ನಾಲ್ಕು ಜನರ ಮುಖ ನೋಡಲು ಒಂದು ಜಾಗ ಬೇಕು, ಅದನ್ನು ಅಂಗಡಿಗಳ ನೆಪದಲ್ಲಿ ಕಟ್ಟಬೇಕು ಎಂಬುದು ಆತನ ಹಂಚಿಕೆ. 1954ರಲ್ಲಿ ಡೆಟ್ರಾಯಿಟ್ ಬಳಿ ನಾರ್ತ್‌ಲ್ಯಾಂಡ್ ಎಂಬುದನ್ನು ಕಟ್ಟಿದ. ಅದು ಬಯಲಿಗೆ ತೆರೆದದ್ದು. ಅಂಗಡಿಗಳ ನಡುವೆ ಅಂಗಳಗಳು, ಗಿಡಗಳು, ಮಕ್ಕಳು ಹತ್ತಿ ಆಡುವ ಶಿಲ್ಪಗಳು.

ಎರಡು ವರ್ಷದ ಮೇಲೆ, 1956ರ ಅಕ್ಟೋಬರ್ 8ರಂದು, ಮಿನ್ನೆಸೋಟ ಸಂಸ್ಥಾನದ ಈಡೈನಾ ಎಂಬ ಊರಿನಲ್ಲಿ ಸೌತ್‌ಡೇಲ್ ತೆರೆಯಿತು. ಇಂದು ನಾವು ಮಾಲ್ ಎನ್ನುವ ವಸ್ತು, ಅಂದರೆ ನಾಲ್ಕೂ ಕಡೆ ಗೋಡೆ, ಮೇಲೆ ಸೂರು, ಒಳಗೆ ಬೇರೆಯದೇ ಹವೆ ಇರುವ ಅಂಗಡಿಯೂರು, ಮೊದಲು ಹುಟ್ಟಿದುದು ಇಲ್ಲಿ. ಮಿನ್ನೆಸೋಟದ ಚಳಿಯೆಂದರೆ ನಮ್ಮ ಮಾಗಿಯಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವ ಚಳಿ. ಅಂಗಡಿಗೆ ಹೋಗಲು ಹಿತವಾದ ದಿನಗಳು ವರ್ಷಕ್ಕೆ 126 ಮಾತ್ರವೆಂದು ಲೆಕ್ಕ ಹಾಕಿದ್ದರಂತೆ. ಗ್ರೂಯೆನ್ ವರ್ಷದ ಎಲ್ಲ ದಿನವೂ ಒಳಗೆ 75 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 24 ಡಿಗ್ರಿ, ಇರುವಂತೆ ಮಾಡಿದ. 72 ಅಂಗಡಿಗಳು, ಹೊರಗೆ 5,200 ಕಾರು ನಿಲ್ಲುವ ಬಯಲು, ಒಟ್ಟು ಖರ್ಚು 2 ಕೋಟಿ ಡಾಲರು. ನಡುವೆ ಒಂದು ದೊಡ್ಡ ಅಂಗಳ. ಅದಕ್ಕೆ ‘ನಿತ್ಯವಸಂತದ ತೋಟ’ವೆಂದು ಹೆಸರು. ಗಿಡಗಳು, ಮೀನಿನ ಕೊಳ, ಹಕ್ಕಿಗಳನ್ನು ಬಿಟ್ಟಿದ್ದ ಆಳೆತ್ತರವನ್ನು ಮೀರಿದ ಪಂಜರ, ಹ್ಯಾರಿ ಬೆರ್ಟೋಯಾ ಎಂಬ ಶಿಲ್ಪಿ ಮಾಡಿದ ಹೊನ್ನಿನ ಬಣ್ಣದ ಲೋಹದ ಮರಗಳು, ಕಾಫಿಯ ಮೇಜುಗಳು. ಹೊರಗೆ ಹಿಮ ಸುರಿಯುತ್ತಿರುವಾಗ ಒಳಗೆ ಕೋಟು ಕಳಚಿ ಕುಳಿತು ಹಕ್ಕಿಯ ದನಿ ಕೇಳಬಹುದಾಗಿತ್ತು.

ಹೊಸತನ ಇನ್ನೊಂದು ವಿಷಯದಲ್ಲಿಯೂ ಇತ್ತು. ಡೇಟನ್, ಡೊನಾಲ್ಡ್‌ಸನ್ ಎಂಬ ಎರಡು ದೊಡ್ಡ ಅಂಗಡಿಗಳು ಮಿನಿಯಾಪೊಲಿಸ್ ನಗರದಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳು. ಅವೆರಡನ್ನೂ ಒಂದೇ ಸೂರಿನ ಕೆಳಗೆ ತಂದು ಎದುರುಬದುರು ನಿಲ್ಲಿಸಿದರು. ಜನ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಸಣ್ಣ ಅಂಗಡಿಗಳ ಮುಂದೆ ಹಾಯಲೇಬೇಕು. ದೊಡ್ಡಂಗಡಿಗೆ ಬಾಡಿಗೆ ಕಡಿಮೆ, ಸಣ್ಣಂಗಡಿಗೆ ಹೆಚ್ಚು. ಜಾತ್ರೆಯಲ್ಲಿ ತೇರಿನ ದಾರಿಯ ಪಕ್ಕ ಬೆಂಡು ಬತ್ತಾಸಿನವನು ಜಾಗ ಹಿಡಿಯುವುದು ಇದೇ ಲೆಕ್ಕದಿಂದ. ತೇರು ನಿಂತರೆ ಬತ್ತಾಸೂ ಇಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿ ಇಡಬೇಕು, ಮುಂದೆ ಬೇಕಾಗುತ್ತದೆ. ಅಂದಹಾಗೆ ಡೇಟನ್ ಸಂಸ್ಥೆ 1962ರಲ್ಲಿ ಅಗ್ಗದ ಅಂಗಡಿಗಳ ಇನ್ನೊಂದು ಸಾಲನ್ನು ತೆರೆಯಿತು. ಅದರ ಹೆಸರು ಟಾರ್ಗೆಟ್. ಮಗಳು ತಾಯಿಯನ್ನು ಮೀರಿಸಿ ಬೆಳೆದು, ಕಡೆಗೆ ಸಂಸ್ಥೆಗೇ ಆ ಹೆಸರು ನಿಂತಿತು. 2005ರಿಂದ ಅದರ ಕಚೇರಿ ನಮ್ಮ ಬೆಂಗಳೂರಿನಲ್ಲಿಯೂ ಇದೆ. ಮೊದಲ ಮಾಲನ್ನು ಕಟ್ಟಿಸಿದ ಸಂಸ್ಥೆಯ ಲೆಕ್ಕಪತ್ರಗಳನ್ನು ಇಂದು ನೋಡಿಕೊಳ್ಳುವವರಲ್ಲಿ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ.

ಸೌತ್‌ಡೇಲನ್ನು ಪತ್ರಿಕೆಗಳು ಕೊಂಡಾಡಿದುವು. ಒಪ್ಪದವರಲ್ಲಿ ಮುಖ್ಯನಾದವನು ಫ್ರಾಂಕ್ ಲಾಯ್ಡ್ ರೈಟ್, ಆ ಕಾಲದ ಅತಿ ಪ್ರಸಿದ್ಧ ವಾಸ್ತುಶಿಲ್ಪಿ. ಅದೇ ವರ್ಷ ಬಂದು ನೋಡಿ, ಈ ಅಂಗಳದಲ್ಲಿ ಹಳ್ಳಿಯ ಬೀದಿಯ ಕೆಡುಕೆಲ್ಲ ಇದೆ, ಸೊಗಸು ಮಾತ್ರ ಇಲ್ಲ ಎಂಬರ್ಥದ ಮಾತಾಡಿ ಹೋದ. ವೃದ್ಧ ಪಂಡಿತರ ಕುಹಕವೆಂದು ತಳ್ಳಿಹಾಕಬಹುದು. ಆದರೆ ಅವನ ಕಣ್ಣು ಸರಿಯಾದ ಜಾಗದಲ್ಲೇ ಬಿದ್ದಿತ್ತು ಎಂದು ನನಗೆ ತೋರುತ್ತದೆ.

ಏಕೆಂದರೆ ಗ್ರೂಯೆನ್ ಬರೆದ ನಕ್ಷೆಯಲ್ಲಿ ಮಾಲು ಒಂದು ಮೂಲೆ ಮಾತ್ರ. ಸುತ್ತಲಿನ ಸುಮಾರು 460 ಎಕರೆಯಲ್ಲಿ ಮನೆಗಳು, ಶಾಲೆಗಳು, ಆಸ್ಪತ್ರೆ, ಉದ್ಯಾನ, ಒಂದು ಕೆರೆ ಇವೆಲ್ಲ ಬರಬೇಕಾಗಿತ್ತು. ಜನ ಮನೆಯಿಂದ ನಡೆದೇ ಅಂಗಳಕ್ಕೆ ಬರಬೇಕಾಗಿತ್ತು. ಅದಾವುದನ್ನೂ ಆತ ಬರೆದಂತೆ ಕಟ್ಟಲಿಲ್ಲ. ಮಾಲು ತೆರೆದೊಡನೆ ಸುತ್ತಣ ನೆಲದ ಬೆಲೆ ಏರಿತು. ಏರಿದ ನೆಲವನ್ನು ಮಾರಿದರೆ ಬರುವ ಲಾಭ ಕೆರೆ ತೋಡಿದರೆ ಬರುತ್ತದೆಯೆ? ವಿಯೆನ್ನಾದ ಕನಸು ಕಂಡವನ ಕೈಗೆ ಡಾಂಬರಿನ ಬಯಲಿನ ನಡುವೆ ನಿಂತ ಒಂದು ಪೆಟ್ಟಿಗೆ ಬಂತು.

ಆ ಪೆಟ್ಟಿಗೆ ದೇಶದ ತುಂಬ ಹೇಗೆ ಹರಡಿತೆಂಬುದಕ್ಕೆ ಜನರ ಆಸೆಯೊಂದೇ ಕಾರಣವಲ್ಲ. 1954ರಲ್ಲಿ ಅಮೆರಿಕದ ಸರ್ಕಾರ ತೆರಿಗೆಯ ಕಾನೂನನ್ನು ಬದಲಾಯಿಸಿ, ಹೊಸ ಕಟ್ಟಡದ ಸವಕಳಿಯನ್ನು ಮೊದಲ ಕೆಲವು ವರ್ಷಗಳಲ್ಲಿಯೇ ಹೆಚ್ಚಾಗಿ ತೋರಿಸಿಕೊಳ್ಳಲು ಅವಕಾಶ ಕೊಟ್ಟಿತು. ಕಟ್ಟಡ ಗಟ್ಟಿಯಾಗಿಯೇ ಇರುತ್ತದೆ, ಬಾಡಿಗೆಯೂ ಬರುತ್ತದೆ. ಪುಸ್ತಕದಲ್ಲಿ ಮಾತ್ರ ಸವೆಯುತ್ತದೆ, ಅಷ್ಟರಮಟ್ಟಿಗೆ ತೆರಿಗೆ ಉಳಿಯುತ್ತದೆ. ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಹೊಸದನ್ನು ಕಟ್ಟಿ, ಸವಕಳಿ ತೆಗೆದುಕೊಂಡು, ಮಾರಿ, ಮತ್ತೊಂದನ್ನು ಕಟ್ಟುವುದೇ ಲೇಸಾಯಿತು. 1956ರಲ್ಲಿ ಹೆದ್ದಾರಿಗಳ ಕಾನೂನೂ ಬಂತು. ಊರ ನಡುವಣ ಹಳೆಯ ಪೇಟೆಗಳು ಬಡವಾಗಿ, ಹೊರಗೆ ಮಾಲುಗಳು ಎದ್ದುವು. ಇತಿಹಾಸ ಬರೆಯುವವರು ರಾಜರ ಯುದ್ಧಗಳಿಗೆ ಕೊಡುವಷ್ಟು ಗಮನವನ್ನು ಇಂಥ ತೆರಿಗೆಯ ಕಲಮುಗಳಿಗೆ ಕೊಟ್ಟರೆ ನಮಗೆ ಎಷ್ಟೋ ವಿಷಯ ತಿಳಿದೀತು.

ಹಳೆಯ ಪೇಟೆ ಬಡವಾದಾಗ ಅದರೊಂದಿಗೆ ಹೋದುದು ವ್ಯಾಪಾರವೊಂದೇ ಅಲ್ಲ. ಬೀದಿ ಎಲ್ಲರದು, ಅಲ್ಲಿ ಭಾಷಣ ಮಾಡಬಹುದು, ಕರಪತ್ರ ಹಂಚಬಹುದು, ಮುಷ್ಕರ ಹೂಡಬಹುದು. ಮಾಲಿನ ಅಂಗಳ ಯಾರದು? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1968ರಲ್ಲಿ ಪೆನ್ಸಿಲ್ವೇನಿಯದ ಲೋಗನ್ ವ್ಯಾಲಿಯ ಕೆಲಸಗಾರರ ಮೊಕದ್ದಮೆಯಲ್ಲಿ, ಮಾಲು ಪೇಟೆಯ ಬೀದಿಯ ಸ್ಥಾನದಲ್ಲಿಯೇ ಇದೆ, ಆದ್ದರಿಂದ ಅಲ್ಲಿ ನಿಂತು ಪ್ರತಿಭಟಿಸಬಹುದು ಎಂದು ನ್ಯಾಯಾಲಯ ಹೇಳಿತು. ನಾಲ್ಕೇ ವರ್ಷ ಕಳೆದು, 1972ರಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಲಾಯ್ಡ್ ಸೆಂಟರಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರ ಮೊಕದ್ದಮೆ ಬಂದಾಗ ಅದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು: ಇದು ಖಾಸಗಿ ಸ್ವತ್ತು, ಒಡೆಯ ಬೇಡವೆಂದರೆ ಹೊರಗೆ ಹೋಗಬೇಕು. ಐದು ಮಂದಿ ಒಂದು ಕಡೆ, ನಾಲ್ವರು ಇನ್ನೊಂದು ಕಡೆ. 1980ರಲ್ಲಿ ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳ ಮೊಕದ್ದಮೆಯಲ್ಲಿ, ಯಾವುದಾದರೂ ಸಂಸ್ಥಾನ ತನ್ನ ಸಂವಿಧಾನದ ಮೂಲಕ ಅಂಥ ಹಕ್ಕನ್ನು ಕೊಟ್ಟರೆ ಕೊಡಬಹುದೆಂದು ಒಂದು ಸಣ್ಣ ಕಿಂಡಿ ತೆರೆಯಿತು. ಒಟ್ಟಿನಲ್ಲಿ, ನೋಡಲು ಚೌಕ, ಕಾಗದದಲ್ಲಿ ಖಾಸಗಿ ಹಿತ್ತಿಲು.

ಇಷ್ಟರಲ್ಲಿ ಗ್ರೂಯೆನ್ ಅಮೆರಿಕದ ಮೇಲೆ ಮುನಿಸಿಕೊಂಡು ತನ್ನೂರಿಗೆ ಹಿಂದಿರುಗಿದ್ದ. ಅಲ್ಲಿಯೂ ನೆಮ್ಮದಿ ಇಲ್ಲ. 1976ರಲ್ಲಿ ವಿಯೆನ್ನಾದ ದಕ್ಷಿಣದ ಹೊರವಲಯದಲ್ಲಿ ‘ಶಾಪಿಂಗ್ ಸಿಟಿ ಸೂಡ್’ ಎಂಬ ಭಾರಿ ಮಾಲು ತೆರೆಯಿತು. ತಾನು ಹುಟ್ಟಿಸಿದ ಪ್ರಾಣಿ ಸಮುದ್ರ ದಾಟಿ ಬಂದು, ಕಾಲ್ನಡೆಯ ಪೇಟೆಯ ಹೊಟ್ಟೆಯ ಮೇಲೆ ಹೊಡೆಯುವುದನ್ನು ಆತ ಕಣ್ಣಾರೆ ನೋಡಬೇಕಾಯಿತು. 1978ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ, ಈ ಹಾದರದ ಸಂತಾನಕ್ಕೆಲ್ಲ ನಾನು ಜೀವನಾಂಶ ಕೊಡಲಾರೆ ಎಂಬ ಅರ್ಥದಲ್ಲಿ ಗುಡುಗಿದ. 1980ರಲ್ಲಿ ತೀರಿಕೊಂಡ. ಆತ ಹೊಣೆಯಿಂದ ಪೂರ್ತಿ ಪಾರಾಗುತ್ತಾನೆಂದು ನನಗೆ ಅನಿಸುವುದಿಲ್ಲ. ಸಾಹುಕಾರನ ಹಣದಲ್ಲಿ ಊರಿನ ಜಗಲಿ ಕಟ್ಟಿಸಹೊರಟವನು, ಜಗಲಿಯ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆಂದು ಮೊದಲೇ ಕೇಳಬೇಕಾಗಿತ್ತು.

ಮಾಲುಗಳ ಇಳಿಗಾಲವನ್ನು ಚಿಕ್ಕದಾಗಿ ಹೇಳಿಬಿಡಬಹುದು. ಬೇಕಾದುದಕ್ಕಿಂತ ಹೆಚ್ಚು ಕಟ್ಟಿದರು, ಆಮೇಲೆ ಅಂತರಜಾಲದ ವ್ಯಾಪಾರ ಬಂತು, ದೊಡ್ಡಂಗಡಿಗಳು ಬಿದ್ದುವು. ಸಿಯರ್ಸ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು, ಜೆ. ಸಿ. ಪೆನ್ನಿ 2020ರಲ್ಲಿ. ತೇರು ನಿಂತ ಮೇಲೆ ಬತ್ತಾಸಿನವರ ಗತಿ ಮೊದಲೇ ಹೇಳಿದೆನಷ್ಟೆ. ಓಹಾಯೋ ಸಂಸ್ಥಾನದ ರ‍್ಯಾಂಡಲ್ ಪಾರ್ಕ್ ಮಾಲು 1976ರಲ್ಲಿ ತೆರೆದಾಗ ಜಗತ್ತಿನಲ್ಲೇ ದೊಡ್ಡದೆನಿಸಿತ್ತು. 2009ರಲ್ಲಿ ಮುಚ್ಚಿತು. ಅದನ್ನು ಕೆಡವಿದ ನೆಲದ ಮೇಲೆ 2018ರಲ್ಲಿ ಅಮೆಜಾನ್ ಕಂಪನಿಯ ಉಗ್ರಾಣ ಬಂತು.

ಉಳಿದ ಕಟ್ಟಡಗಳು ಏನೇನಾದುವು ಎಂಬುದು ಹೆಚ್ಚು ಸ್ವಾರಸ್ಯದ ಸಂಗತಿ. ಟೆಕ್ಸಸಿನ ಆಸ್ಟಿನ್ ನಗರದ ಹೈಲ್ಯಾಂಡ್ ಮಾಲು ಕಾಲೇಜಾಯಿತು. ನ್ಯಾಶ್‌ವಿಲ್‌ನ ಒಂದು ಮಾಲಿನಲ್ಲಿ ವಿಶ್ವವಿದ್ಯಾನಿಲಯದ ಚಿಕಿತ್ಸಾಲಯಗಳು ಬಂದುವು. ಎಲ್ಲಕ್ಕಿಂತ ನನಗೆ ಹಿಡಿಸಿದುದು ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ ಊರಿನದು. ಅಲ್ಲಿಯ ಹೈಸ್ಕೂಲಿನ ಕಟ್ಟಡದಲ್ಲಿ ವಿಷವಸ್ತು ಸಿಕ್ಕಿ ಅದನ್ನು ಮುಚ್ಚಬೇಕಾದಾಗ, 2021ರಲ್ಲಿ ಶಾಲೆಯನ್ನು ಖಾಲಿ ಬಿದ್ದಿದ್ದ ಮೇಸೀಸ್ ಅಂಗಡಿಗೆ ಸಾಗಿಸಿದರು. ಮಕ್ಕಳು ಎಸ್ಕಲೇಟರಿನ ಮೇಲೆ ಹತ್ತಿ ಗಣಿತದ ತರಗತಿಗೆ ಹೋದರು. ಅಂಗಡಿಯ ಚಿಹ್ನೆಗಳು ಇನ್ನೂ ಗೋಡೆಯ ಮೇಲಿದ್ದುವಂತೆ. ನಮ್ಮ ಕಾಲೇಜಿನ ಮೂರನೆಯ ಮಹಡಿಗೆ ದಿನಕ್ಕೆ ನಾಲ್ಕು ಸಲ ಹತ್ತಿಳಿಯುವ ನನಗೆ ಇದರಲ್ಲಿ ಅಸೂಯೆಯೂ ಸೇರಿದೆ.

ಸೌತ್‌ಡೇಲ್ ಮಾತ್ರ ಮುಚ್ಚಲಿಲ್ಲ. ಆದರೆ ಬದಲಾಗಿದೆ. ಕಾರು ನಿಲ್ಲುತ್ತಿದ್ದ ಬಯಲಿನ ಒಂದು ಭಾಗದಲ್ಲಿ ಬಾಡಿಗೆ ಮನೆಗಳ ಕಟ್ಟಡಗಳು ಎದ್ದುವು. ಒಂದು ಹೋಟೆಲು ಬಂತು. ಜೆ. ಸಿ. ಪೆನ್ನಿಯ ಜಾಗದಲ್ಲಿ 2019ರ ಡಿಸೆಂಬರಿನಲ್ಲಿ ಭಾರಿ ವ್ಯಾಯಾಮಶಾಲೆ ತೆರೆಯಿತು. ಜಿಲ್ಲಾ ಆಡಳಿತದ ಸೇವಾಕೇಂದ್ರವನ್ನೂ ಮಾಲಿನೊಳಗೆ ತಂದರು. ಗ್ರೂಯೆನ್ ಬರೆದ ನಕ್ಷೆ ಅರವತ್ತು ವರ್ಷ ತಡವಾಗಿ ನೆಲಕ್ಕೆ ಇಳಿಯುತ್ತಿದೆಯೆಂದು ಅಲ್ಲಿಯವರು ಬರೆದಿದ್ದಾರೆ. ಅರ್ಧ ಮಾತ್ರ ಸರಿ ಎನ್ನುತ್ತೇನೆ. ಮನೆಗಳು ಬಂದುವು, ಆದರೆ ಬಾಡಿಗೆಯ ಆಸೆಯಿಂದ. ಮೈಕಸರತ್ತು ಬಂತು, ಆದರೆ ಸದಸ್ಯರಾಗಿ ಶುಲ್ಕ ತೆತ್ತವರಿಗೆ. ಬಿಟ್ಟಿಯಾಗಿ ಕುಳಿತುಕೊಳ್ಳುವ ಉದ್ಯಾನ, ಕೆರೆ ನಕ್ಷೆಯಲ್ಲಿಯೇ ಉಳಿದುವು. ಇನ್ನು ಮೊದಲ ಕೂಸಾದ ನಾರ್ತ್‌ಲ್ಯಾಂಡ್ 2015ರಲ್ಲಿ ಮುಚ್ಚಿತು. ಅಲ್ಲಿ ಮಕ್ಕಳು ಹತ್ತಿ ಆಡುತ್ತಿದ್ದ ಹುಡುಗ ಮತ್ತು ಕರಡಿಯ ಶಿಲ್ಪವನ್ನು ಊರಿನವರು ತಮ್ಮ ಸಾರ್ವಜನಿಕ ಪುಸ್ತಕಾಲಯಕ್ಕೆ ಒಯ್ದರು.

ನಮ್ಮ ದೇಶದ ಕಥೆ ಬೇರೆ. ಅಮೆರಿಕದಲ್ಲಿ ಮಾಲು ಪೇಟೆಯನ್ನು ಕೊಂದಿತು. ಇಲ್ಲಿ ಅದು ಬಹುಮಟ್ಟಿಗೆ ಗಿರಣಿ ಸತ್ತ ಜಾಗದಲ್ಲಿ ಹುಟ್ಟಿತು. ಮುಂಬಯಿಯ ಫೀನಿಕ್ಸ್ ಮಿಲ್ಲು 1905ರಲ್ಲಿ ಹತ್ತಿಯ ಬಟ್ಟೆ ನೇಯಲು ಹುಟ್ಟಿದ ಕಂಪನಿ. ಮಗ್ಗಗಳು ನಿಂತುವು, ಕಂಪನಿಯ ಹೆಸರು ಮಾತ್ರ ಇಂದಿಗೂ ಫೀನಿಕ್ಸ್ ಮಿಲ್ಸ್, ಕಸುಬು ಮಾಲು. ಬೆಂಗಳೂರಿನಲ್ಲಿ 2011ರಲ್ಲಿ ವೈಟ್‌ಫೀಲ್ಡ್ ಕಡೆ, 2023ರಲ್ಲಿ ಹೆಬ್ಬಾಳದ ಆಚೆ ತೆರೆದ ಫೀನಿಕ್ಸ್ ಮಾಲುಗಳು ಇದರವೇ. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಬಂತು. ಬಿಯರು ಕಾಯಿಸುತ್ತಿದ್ದ ಜಾಗದಲ್ಲಿ 2008ರಲ್ಲಿ ಯು. ಬಿ. ಸಿಟಿ. ಒಂದು ಕಾಲಕ್ಕೆ ಸೈರನ್ನು ಕೂಗಿದೊಡನೆ ಸಾವಿರಾರು ಜನ ದುಡಿಯಲು ನುಗ್ಗುತ್ತಿದ್ದ ಬಾಗಿಲುಗಳಲ್ಲಿ ಈಗ ಕೈಚೀಲ ತಪಾಸಣೆ ಮಾಡಿ ಒಳಗೆ ಬಿಡುತ್ತಾರೆ.

ಒಳಗೆ ಬಿಡುವ ಪ್ರಶ್ನೆ ಮೊದಲಿನಿಂದಲೂ ಇದ್ದದ್ದೇ. 1999ರಲ್ಲಿ ಮುಂಬಯಿಯಲ್ಲಿ ಕ್ರಾಸ್‌ರೋಡ್ಸ್ ಎಂಬ ಮಾಲು ತೆರೆದಾಗ ಜನ ಕಿಕ್ಕಿರಿದು ಬಂದರು. ನೋಡಲು ಬಂದವರೇ ಹೆಚ್ಚು, ಕೊಳ್ಳುವವರು ಕಡಿಮೆ. ಮಾಲಿನವರು ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ಇಲ್ಲದವರು ಹಣ ಕೊಟ್ಟು ಬರಬೇಕೆಂದು ಕಟ್ಟಳೆ ಹಾಕಿದರು. ಊರು ಸಿಟ್ಟಾಯಿತು, ಕಟ್ಟಳೆ ಹೋಯಿತು. ಆ ಮಾಲು ಮುಂದೆ ಕೈ ಬದಲಾಗಿ, ಹೆಸರು ಬದಲಾಗಿ, ಕಡೆಗೆ ಜನರಿಲ್ಲದೆ ಸೊರಗಿತು. ಇಪ್ಪತ್ತೈದು ವರ್ಷ ಕಳೆದು, 2024ರ ಜುಲೈಯಲ್ಲಿ, ನಮ್ಮ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟು ಬಂದನೆಂದು ಹಾವೇರಿ ಕಡೆಯ ಹಿರಿಯ ರೈತನೊಬ್ಬನನ್ನು ಬಾಗಿಲಲ್ಲೇ ತಡೆದರು. ಮಗನೊಡನೆ ಸಿನಿಮಾ ನೋಡಲು ಬಂದಿದ್ದವನು. ವಿಷಯ ವಿಧಾನಸಭೆಗೆ ಹೋಯಿತು. ಸರ್ಕಾರ ಏಳು ದಿನ ಮಾಲನ್ನು ಮುಚ್ಚಿಸಿತು. ಪಂಚೆ ಉಟ್ಟವನನ್ನು ಕನ್ನಡನಾಡಿನಲ್ಲಿ ತಡೆದದ್ದಕ್ಕೆ ನಮಗೆಲ್ಲ ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ಗೇಟಿನಲ್ಲಿ ನಿಂತಿದ್ದ ಕಾವಲುಗಾರ ಪ್ರಾಯಶಃ ಯಾವುದೋ ಹಳ್ಳಿಯ ಪಂಚೆಯ ಮನೆಯಿಂದಲೇ ಬಂದವನು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಾಠ ಅವನಿಗೆ ಎಲ್ಲಿಂದಲೋ ಬಂದಿರಬೇಕಷ್ಟೆ.

ಬೆಂಗಳೂರಿನ ಮಾಲುಗಳ ಏರಿಳಿತದಲ್ಲಿ ಒಂದು ವಿನೋದವಿದೆ. ಕೋರಮಂಗಲದ ಫೋರಂ 2004ರಲ್ಲಿ ತೆರೆಯಿತು. ಅದರ ಹನ್ನೊಂದು ತೆರೆಗಳ ಚಿತ್ರಮಂದಿರ ಅಂದಿಗೆ ದೊಡ್ಡ ಸೋಜಿಗ. ಮೂರೇ ವರ್ಷ ಕಳೆದು, 2007ರಲ್ಲಿ, ಅದೇ ಕೋರಮಂಗಲದ ಒಂದು ಮನೆಯಲ್ಲಿ ಇಬ್ಬರು ಯುವಕರು ಅಂತರಜಾಲದಲ್ಲಿ ಪುಸ್ತಕ ಮಾರಲು ಫ್ಲಿಪ್‌ಕಾರ್ಟನ್ನು ಆರಂಭಿಸಿದರು. ಮಾಲೂ ಅದರ ಮೃತ್ಯುವೂ ನೆರೆಹೊರೆಯಲ್ಲಿಯೇ ಬೆಳೆದುವು! ಫೋರಂನಲ್ಲಿದ್ದ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿ ಈಗಿಲ್ಲ. ಅಲ್ಲಿ ನಿಂತು ಪುಸ್ತಕ ತಿರುವಿ, ಬೆಲೆ ನೋಡಿ, ಮೆಲ್ಲನ ಮತ್ತೆ ಕಪಾಟಿಗೆ ಇಟ್ಟ ಸಂಜೆಗಳು ನನಗೆ ಎಷ್ಟೋ. ಮಾಲಿಗೂ ಈಗ ಫೋರಂ ಎಂಬ ಹೆಸರಿಲ್ಲ, ನೆಕ್ಸಸ್ ಆಗಿದೆ. ‘ಫೋರಂ’ ಎಂದರೆ ರೋಮನರ ಊರಚಾವಡಿ. ಹೆಸರಿನಲ್ಲಾದರೂ ಗ್ರೂಯೆನ್ನನ ಆಸೆಯ ನೆರಳಿತ್ತು, ಅದೂ ಹೋಯಿತು.

2020ರ ಮಾರ್ಚಿ 14ರಿಂದ ಕೊರೋನಾದ ಭಯದಿಂದ ಮಾಲುಗಳಿಗೆ ಬೀಗ ಬಿತ್ತು. ಜೂನ್ 8ರವರೆಗೆ ತೆಗೆಯಲಿಲ್ಲ. ಮರುವರ್ಷ ಮತ್ತೆ ಅದೇ ಪಾಡು. ಬಾಗಿಲಿಗೇ ಸರಕು ತರಿಸುವ ಅಭ್ಯಾಸವಿಲ್ಲದ ಮನೆಗಳಿಗೂ ಆಗ ಆ ಅಭ್ಯಾಸವಾಯಿತು. ನಾನು ಆರಂಭದಲ್ಲಿ ಹೇಳಿದ ಬದಲಾವಣೆ ಚುರುಕಾದುದು ಅಲ್ಲಿಂದ ಈಚೆಗೆ. ದೊಡ್ಡ ಮಾಲುಗಳು ಇನ್ನೂ ದೊಡ್ಡದಾಗಿ, ಕಣ್ಣಿಗೆ ಹಬ್ಬವಾಗಿ ನಿಂತಿವೆ. ಸಣ್ಣವು, ನಡುವಿನವು ಮಂಕಾಗಿ, ಅರ್ಧ ಅಂಗಡಿಗಳ ಷಟರು ಎಳೆದು ಕುಳಿತಿವೆ. ಗೆದ್ದವರ ಗುಟ್ಟು ಇಷ್ಟೇ: ಕಳುಹಿಸಿಕೊಡಲಾಗದ್ದನ್ನು ಮಾರು. ಬಿಸಿಬಿಸಿ ದೋಸೆಯ ಗರಿಯನ್ನು ಸ್ಕೂಟರಿನಲ್ಲಿ ಕಳಿಸಲು ಬರುವುದಿಲ್ಲ, ಮಕ್ಕಳು ಜಾರುಬಂಡೆ ಇಳಿಯುವ ಕಿರುಚಾಟವನ್ನು ಪೆಟ್ಟಿಗೆಯಲ್ಲಿ ಕಟ್ಟಲು ಬರುವುದಿಲ್ಲ. ಆದುದರಿಂದ ಅವೇ ಮುಂದೆ ಬಂದಿವೆ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಈ ಗುಟ್ಟಿನಲ್ಲಿ ಆಶ್ಚರ್ಯ ಕಾಣಿಸದು. ಪರಿಷೆಯಲ್ಲಿ ಒಳಗೆ ಬಿಡುವವನೂ ಇಲ್ಲ, ಹೊರಗೆ ಕಳಿಸುವವನೂ ಇಲ್ಲ, ವ್ಯತ್ಯಾಸ ಅಷ್ಟೇ.

ಇನ್ನೊಂದು ಬದಲಾವಣೆ ಮಾಲಿನವರು ಮಾಡಿದ್ದಲ್ಲ, ಮೆಟ್ರೋದವರು ಮಾಡಿದ್ದು. 2014ರಲ್ಲಿ ಸಂಪಿಗೆ ರಸ್ತೆಯ ನಿಲ್ದಾಣ ತೆರೆದು, ಅದಕ್ಕೂ ಮಂತ್ರಿ ಸ್ಕ್ವೇರಿಗೂ ನೇರ ದಾರಿ ಕೂಡಿಕೊಂಡಿತು. ನಿಲ್ದಾಣದ ಹೆಸರಿನಲ್ಲಿಯೇ ಮಾಲು ಸೇರಿತು. ಕಾರಿಲ್ಲದವರು, ಏನನ್ನೂ ಕೊಳ್ಳಬೇಕಾಗಿಲ್ಲದವರು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಹಾದುಹೋಗತೊಡಗಿದರು. ಕಾರು ಬಿಟ್ಟು ನಡೆದು ಬರುವ ಜನ! ಮಿನ್ನೆಸೋಟದಲ್ಲಿ ಸಿಗದ ಭಾಗ್ಯ ಮಲ್ಲೇಶ್ವರದಲ್ಲಿ ಸಿಕ್ಕಿತೆನ್ನಬೇಕು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಲ್ಲಿ ಹಾದುಹೋಗುವಾಗ, ಬೆಂಚೊಂದರ ಮೇಲೆ ಬಿಳಿ ಪಂಚೆ, ಮೊಣಕೈ ಮಡಿಸಿದ ಷರ್ಟಿನ ವೃದ್ಧರೊಬ್ಬರು ಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಕೂತು ಮಾತಿಗೆಳೆದೆ. ನಿವೃತ್ತರು, ಹತ್ತಿರದಲ್ಲೇ ಮನೆ. ಮನೆಯಲ್ಲಿ ಸೆಕೆ, ಪಾರ್ಕಿಗೆ ಮಧ್ಯಾಹ್ನ ಬೀಗ. ಇಲ್ಲಿ ತಣ್ಣಗಿರುತ್ತದೆಂದು ದಿನವೂ ಊಟವಾದ ಮೇಲೆ ಬರುತ್ತಾರಂತೆ. “ಯಾರೂ ಏಳಿ ಅನ್ನೋದಿಲ್ಲವೆ ಸ್ವಾಮಿ?” ಎಂದು ಕೇಳಿದೆ. “ಮೊದಮೊದಲು ಆ ಹುಡುಗ ಎರಡು ಸಲ ಬಂದು ನೋಡಿದ. ಮೂರನೆಯ ಸಲ ಬಂದಾಗ ಊರು ಯಾವುದಪ್ಪ ಅಂತ ನಾನೇ ಕೇಳಿದೆ. ಈಗ ನನ್ನ ಪತ್ರಿಕೆ ಮುಗಿದ ಮೇಲೆ ಅವನೇ ಇಸ್ಕೊಳ್ತಾನೆ” ಎಂದರು. ಹೇಳುತ್ತಿದ್ದಂತೆಯೇ ಸಮವಸ್ತ್ರದ ಹುಡುಗ ಆ ಕಡೆಯಿಂದ ಬಂದು, ನನ್ನನ್ನೊಮ್ಮೆ ನೋಡಿ, ಅವರ ಕಡೆಗೆ ಕೈ ನೀಡಿದ. “ಕ್ರೀಡಾಪುಟ ಇನ್ನೂ ಓದಿಲ್ಲ, ಹತ್ತು ನಿಮಿಷ ತಾಳು” ಎಂದರು ಅವರು.